ಕಾಸರಗೋಡಿನ ಮುಳ್ಳೇರಿಯದಲ್ಲಿ ಹಿತ್ತಿಲಲ್ಲಿ ಕ್ಯಾಂಪ್‌ಫೈರ್ ಹಾಕ್ಲಿಕ್ಕೆ ಪರ್ಮಿಷನ್ ಬೇಕಾ ಅಂತ ಕೇಳಿದವರಿಗೆ

ಮಾರ್ರೆ, ಕ್ರಿಸ್ಮಸ್ ರಜೆಗೆ ನೆಂಟರು ಬಂದಾಗ ನಾಲ್ಕು ಕೊಳ್ಳಿ ಒಟ್ಟಿ ಕೂತ್ರೆ ಯಾರೂ ಕೇಳ್ಲಿಕ್ಕಿಲ್ಲ, ನಾವು ಪ್ರತಿವರ್ಷ ಹಾಕ್ತೇವೆ. ತೊಂದ್ರೆ ಬರೋದು ಬೆಂಕಿ ಉಂಟಲ್ಲಾ ಅಂತ ಅದಕ್ಕೇ ಪ್ಲಾಸ್ಟಿಕ್ಕು, ಪ್ಯಾಂಪರ್ಸು ಎಲ್ಲ ಎಸೀತಾರಲ್ಲ, ಆಗ. ಬಯಲಲ್ಲಿ ಕಸ ಸುಟ್ರೆ 5000 ರೂಪಾಯಿ, ರಾಶಿಗಟ್ಲೆ ಸುಟ್ರೆ 25000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಪರಿಸರ ಕೇಸುಗಳ ಕೋರ್ಟು) 2016ರಲ್ಲೇ ಹೇಳಿದೆ. ಇನ್ನು ಬೆಂಕಿ ಹಾರಿ ಪಕ್ಕದವರ ತೋಟಕ್ಕೆ ಅಪಾಯ ಆಯ್ತೋ, ಭಾರತೀಯ ನ್ಯಾಯಸಂಹಿತೆ (ಈಗಿನ ಕ್ರಿಮಿನಲ್ ಕಾನೂನು) 287ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲೂ ಆಗ್ಬಹುದು. ನಿಮ್ಮ ಜಾಗ ರಿಸರ್ವ್ ಫಾರೆಸ್ಟಿಗೆ ತಾಗಿ ಇದ್ರೆ ಫಾರೆಸ್ಟಿನವರ ಹತ್ರ ಕೇಳದೆ ಕಡ್ಡಿ ಗೀರ್ಲೇಬೇಡಿ.

ಜಾಗ ಮಾತ್ರ ನೋಡಿ ಮಾಡಿ. ಒಮ್ಮೆ ನಾನು ಅಡಿಕೆ ಸೋಗೆ ಹಾಕಿದ್ದೆ, ಗರಿಯ ತುದಿ ಕೆಂಪಾಗಿ ಉರೀತಾ ಗಾಳಿಗೆ ಎದ್ದು ಸೀದಾ ಹಟ್ಟಿಯ ಮಾಡಿನ ಮೇಲೆ ಹೋಗಿ ಕೂತಿತು, ಪುಣ್ಯಕ್ಕೆ ಹಂಚು. ಅಂದಿನಿಂದ ಗೆರಟೆ (ತೆಂಗಿನ ಚಿಪ್ಪು), ಒಣ ಕಟ್ಟಿಗೆ ಮಾತ್ರ. ಸುತ್ತ ಮುರಕಲ್ಲು (ಕೆಂಪುಕಲ್ಲು) ಇಡಿ, ಹೊಳೆಕಲ್ಲು ಬೇಡ, ಒಳಗೆ ನೀರಿದ್ರೆ ಸಿಡೀತದೆ. ಮಾರ್ಚ್ ಏಪ್ರಿಲಲ್ಲಿ ಮುಳಿಹುಲ್ಲು ಒಣಗಿರೋವಾಗಂತೂ ಬೇಡವೇ ಬೇಡ. ಪೈಪು ಹತ್ರ ಇರ್ಲಿ, ಫೈರ್‌ಫೋರ್ಸ್ ನಂಬ್ರ 101.