ಕನ್ನಡ ಮೀಡಿಯಂನಲ್ಲಿ ಓದಿದವರು ಅಕೌಂಟಿಂಗ್ ಪ್ರೊಫೆಸರ್ ಆಗಬಹುದೇ?

ಆಗಬಹುದು. ನಿಮ್ಮೂರು ಬದಿಯಡ್ಕ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಎಂ.ಕಾಂ. ಅಂತ ಬರೆದಿದ್ದೀರಿ. ನನ್ನದೂ ಅದೇ ಕೇರಳದ ಕಾಸರಗೋಡು ಜಿಲ್ಲೆ, ಕುಂಬಳೆ ಕಡೆ, ನಾನೂ ಹಾಗೆಯೇ ಓದಿದವನು. ಈಗ ಯೂನಿವರ್ಸಿಟಿಯಲ್ಲಿ ಅಸೋಸಿಯೇಟ್ ಪ್ರೊಫೆಸರ್.

ಇಂಗ್ಲಿಷ್ ಒಂದು ವರ್ಷ ಕಾಡುತ್ತದೆ, ಅಷ್ಟೆ. ಡಿಪ್ರಿಸಿಯೇಶನ್ ಅಂತ ಉರು ಹೊಡೆದಾಗ ತಲೆಗೆ ಹೋಗಲಿಲ್ಲ. ಸವಕಳಿ ಅಂದ ಕೂಡಲೇ ಸವೆದ ಚಪ್ಪಲಿ ಕಣ್ಣಿಗೆ ಬಂತು!

ನನ್ನನ್ನು ಜಾಸ್ತಿ ಸತಾಯಿಸಿದ್ದು ಕೇರಳ-ಕರ್ನಾಟಕ ಗಡಿ. ಮೊದಲು ಕೆ-ಸೆಟ್, ಅಂದರೆ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಕರ್ನಾಟಕ ನಡೆಸುವ ಅರ್ಹತಾ ಪರೀಕ್ಷೆ, ಪಾಸಾದೆ, ಮನೆಯಲ್ಲಿ ಪಾಯಸವೂ ಆಯಿತು. ಆಮೇಲೆ ನೋಡಿದರೆ ಅದು ಕರ್ನಾಟಕದಲ್ಲಿ ಮಾತ್ರ ಮಾನ್ಯ. ಸರಿ, ಕೇರಳದ ಸೆಟ್ ಬರೆಯೋಣ ಅಂದುಕೊಂಡೆ. ಅದು ಹೈಯರ್ ಸೆಕೆಂಡರಿ ಮೇಷ್ಟ್ರಾಗಲು! ಹೆಸರು ಒಂದೇ, ಕೆಲಸ ಬೇರೆ. ಹೀಗೆ ಸುಮ್ನೆ ಎರಡು ವರ್ಷ ಹೋಯಿತು. ನೀವು ನೇರವಾಗಿ ನೆಟ್, ಅಂದರೆ ಇಡೀ ದೇಶಕ್ಕೆ ಒಂದೇ ಆದ ಅರ್ಹತಾ ಪರೀಕ್ಷೆ, ಬರೆಯಿರಿ, ಗಡಿಯ ಎರಡೂ ಕಡೆ ನಡೆಯುತ್ತದೆ. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಬಿಡಬೇಡಿ.

ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸ್ಕೇಲಿನಲ್ಲಿ ಮೂಲ ವೇತನ 57,700 ರೂಪಾಯಿಯಿಂದ ಶುರು. ಗೆಸ್ಟ್ ಲೆಕ್ಚರರ್ ಆಗಿರುವಾಗ ಇದರ ಕನಸು ಕಾಣಬೇಕಷ್ಟೆ. ಪ್ರೊಫೆಸರ್ ಹುದ್ದೆಗೆ 2018ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ., ಹತ್ತು ವರ್ಷದ ಪಾಠದ ಅನುಭವ, ಒಳ್ಳೆಯ ಜರ್ನಲ್‌ಗಳಲ್ಲಿ ಕನಿಷ್ಠ 10 ಪೇಪರ್ ಬೇಕು. ಪಾಠ ಹೇಗೆ ಮಾಡುತ್ತೀರಿ ಅಂತ ಕೇಳುವವರು ಕಡಿಮೆ, ಪೇಪರ್ ಎಷ್ಟು ಅಂತ ಕೇಳುವವರೇ ಜಾಸ್ತಿ. ನನಗಿದು ಸರಿ ಕಾಣುವುದಿಲ್ಲ, ಆದರೆ ಇರುವುದು ಹಾಗೆ.

ಪೇಪರಿಗೆ ವಿಷಯ ಹುಡುಕಲು ದೂರ ಹೋಗಬೇಡಿ, ತೋಟಕ್ಕೆ ಇಳಿಯಿರಿ. ಇಂಡ್ ಎಎಸ್, ಅಂದರೆ ಭಾರತದ ಅಕೌಂಟಿಂಗ್ ಮಾನದಂಡಗಳು, ಅನ್ವಯಿಸುವ ಕಂಪನಿಗೆ ಅಡಿಕೆ ತೋಟವಿದೆ ಅಂತಿಟ್ಟುಕೊಳ್ಳಿ. ವರ್ಷವರ್ಷವೂ ಫಸಲು ಕೊಡುವ ಮರ ಇಂಡ್ ಎಎಸ್ 16ಕ್ಕೆ ಸೇರುತ್ತದೆ. ಮಷೀನಿಗೆ ಹಾಕಿದ ಹಾಗೆ ಅದಕ್ಕೂ ಸವಕಳಿ ಹಾಕಬೇಕು, ಅಂದರೆ ಲೆಕ್ಕದಲ್ಲಿ ವರ್ಷವರ್ಷವೂ ಅದರ ಬೆಲೆ ಇಳಿಸಬೇಕು. ಅದೇ ಮರದ ಗೊನೆಯಲ್ಲಿರುವ ಅಡಿಕೆ ಮಾತ್ರ ಇಂಡ್ ಎಎಸ್ 41ಕ್ಕೆ. ಅದಕ್ಕೆ ಮಾರುಕಟ್ಟೆ ಧಾರಣೆ ನೋಡಿ, ಮಾರುವ ಖರ್ಚು ಕಳೆದು ಬೆಲೆ ಕಟ್ಟುತ್ತಾರೆ. ಇದನ್ನು ಅಪ್ಪನಿಗೆ ವಿವರಿಸಿದ್ದೆ. "ಮತ್ತೆ, ಬಿದ್ದ ಮರದ ದಬ್ಬೆ ಮಾರಿದರೆ?" ಅಂತ ಕೇಳಿದರು. ಇಂಡ್ ಎಎಸ್‌ನಲ್ಲಿ ದಬ್ಬೆಗೂ (ಸೀಳಿದ ಅಡಿಕೆ ಮರಕ್ಕೂ) ಜಾಗ ಇದೆ. ಹಾಗೆ ಗುಜರಿಯಂತೆ ಮಾರಿದ ಮಾತ್ರಕ್ಕೆ ಮರದ ಲೆಕ್ಕ ಬದಲಾಗುವುದಿಲ್ಲ. ನನ್ನ ಕ್ಲಾಸಿನಲ್ಲಿ ಆ ಪ್ರಶ್ನೆಯನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ.