ಹೊಳೆ ಏರುವ ಮುನ್ನ ಯಾರು ಯಾರಿಗೆ ಫೋನ್ ಮಾಡಬೇಕು?

ಪ್ರಶ್ನೆ: 2018, 2019ರಲ್ಲಿ ಕುಶಾಲನಗರದ ಕಾವೇರಿ ಹೊಳೆಬದಿಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ನೆರವಿಗೆ ಬರುವವರು ಹಲವರಿದ್ದರೂ ಒಬ್ಬರು ಮಾಡುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಮ್ಮ ಬಡಾವಣೆ ಸಂಘ ಏನು ಮಾಡಬಹುದು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಮೇ ತಿಂಗಳಲ್ಲೇ ತಹಶೀಲ್ದಾರರ ಮುಂದೆ ಪುರಸಭೆ, ಸೆಸ್ಕ್ (ವಿದ್ಯುತ್ ಪೂರೈಕೆ ನಿಗಮ), ನೀರಾವರಿ ನಿಗಮ, ಪೊಲೀಸ್, ಅಗ್ನಿಶಾಮಕ ಮತ್ತು ಆರೋಗ್ಯ ಇಲಾಖೆಯವರನ್ನು ಒಟ್ಟಿಗೆ ಕೂರಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಹಾಗಾಗಿ ಸಭೆಯ ತೀರ್ಮಾನದ ಪ್ರತಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೂ ತಲುಪಲಿ.

ತೀರ್ಮಾನ ಆಗಬೇಕಾದ ಮೊದಲ ವಿಷಯ ನೀರಿನ ಮಟ್ಟ. ‘ಹಾರಂಗಿ ಅಣೆಕಟ್ಟಿನ ಗೇಟ್ ಎತ್ತಿಲ್ಲವಲ್ಲ’ ಎಂದು ಸುಮ್ಮನೆ ಕೂರಬೇಡಿ. ಭಾಗಮಂಡಲದ ಕಡೆ ಸುರಿದ ಮಳೆ ನೇರ ನಿಮ್ಮಲ್ಲಿಗೇ ಬರುತ್ತದೆ, ನಡುವೆ ಕಾವೇರಿಯನ್ನು ತಡೆದು ನಿಲ್ಲಿಸುವ ದೊಡ್ಡ ಅಣೆಕಟ್ಟಿಲ್ಲ. ಹಾರಂಗಿ ಹೊಳೆ ಕಾವೇರಿಗೆ ಸೇರುವುದು ಪಟ್ಟಣದಿಂದ ಕೆಳಗೆ, ಕೂಡಿಗೆಯಲ್ಲಿ. ಅಲ್ಲಿ ಎರಡೂ ತುಂಬಿ ಹರಿದರೆ ಮೇಲಿನ ನೀರು ಬೇಗ ಇಳಿಯುವುದಿಲ್ಲ. ಆದ್ದರಿಂದ ಮೇಲಿನ ಮಳೆ, ಹೊಳೆಯ ಮಟ್ಟ, ಹಾರಂಗಿಯ ಹೊರಹರಿವು ಮೂರನ್ನೂ ಒಬ್ಬರೇ ನೋಡಿ ಬಡಾವಣೆಗೆ ತಿಳಿಸಬೇಕು. ಸೇತುವೆ ಕಂಬಕ್ಕೆ ಎರಡು ಗೆರೆ ಬಳಿಸಿ: ಮೊದಲನೆಯದಕ್ಕೆ ನೀರು ಬಂದರೆ ವೃದ್ಧರು, ಗರ್ಭಿಣಿಯರು, ಜಾನುವಾರು ಹೊರಡಬೇಕು. ಎರಡನೆಯದಕ್ಕೆ ಬಂದರೆ ಎಲ್ಲರೂ.

ಹೆಚ್ಚು ಎಡವುವುದು ಕರೆಂಟಿನಲ್ಲಿ. ಯಾವ ಟ್ರಾನ್ಸ್‌ಫಾರ್ಮರ್ ಯಾವ ರಸ್ತೆಗೆ ಎಂಬ ನಕ್ಷೆ ದೋಣಿ ತಂಡದ ಕೈಯಲ್ಲೂ ಇರಬೇಕು. ‘ಆಫ್ ಆಗಿದೆಯಂತೆ’ ಎಂಬ ಬಾಯಿಮಾತು ಸಾಲದು. ಸೆಸ್ಕ್‌ನ ಗೊತ್ತುಪಡಿಸಿದ ಒಬ್ಬರು ದೃಢಪಡಿಸಿದ ಮೇಲೆಯೇ ದೋಣಿ ಇಳಿಯಲಿ. ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನ್ ಅಥವಾ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಜನರೇಟರ್ ಜೋಡಿಸಿದ ಮನೆಯಿಂದ ಕರೆಂಟು ಲೈನಿಗೆ ಹಿಂತಿರುಗಿ, ಕಂಬದ ಮೇಲಿರುವ ಲೈನ್‌ಮನ್ ಜೀವವೇ ಹೋಗಬಹುದು. ಅಂಥ ಮನೆಗಳನ್ನು ಮಳೆಗಾಲಕ್ಕೆ ಮೊದಲೇ ಪತ್ತೆ ಹಚ್ಚಿ ಸರಿಪಡಿಸಿ.

ಹೋಟೆಲ್, ಲಾರಿ, ಕಲ್ಯಾಣ ಮಂಟಪದವರ ನೆರವು ದೊಡ್ಡದು. ಯಾವ ಆಶ್ರಯ ಕೇಂದ್ರಕ್ಕೆ ಎಷ್ಟು ಜನರ ಊಟ ಎಂದು ಹೇಳುವ ಫೋನ್ ಮಾತ್ರ ಒಂದೇ ಇರಲಿ.

ಪ್ರಶ್ನೆ: ನೀರು ಇಳಿದ ಮೇಲೆ ಸಂಪಿನ ನೀರನ್ನು ಹೇಗೆ ಶುದ್ಧ ಮಾಡುವುದು?
– ಇನ್ನೊಬ್ಬ ಓದುಗರು

ಉತ್ತರ: ಕೆಸರು ಇರುವಾಗಲೇ ಬ್ಲೀಚಿಂಗ್ ಪೌಡರ್ ಸುರಿದರೆ ಕ್ಲೋರಿನ್ನೆಲ್ಲ ಆ ಕೆಸರಿಗೇ ಖರ್ಚಾಗುತ್ತದೆ. ಮೊದಲು ಸಂಪು ಖಾಲಿ ಮಾಡಿ, ಉಜ್ಜಿ ತೊಳೆದು, ಹೊಸ ನೀರು ತುಂಬಿ. ಶೇ 33 ಕ್ಲೋರಿನ್ ಇರುವ ಹೊಸ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಪುಡಿಯಲ್ಲಿನ ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರು ಮಾತ್ರ ಸಂಪಿಗೆ ಹಾಕಿ. ಒಂದು ಗಂಟೆ ಬಿಟ್ಟು ಆರೋಗ್ಯ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಿ. ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್ (ಉಳಿಕೆ ಕ್ಲೋರಿನ್) ಲೀಟರಿಗೆ 0.5 ಮಿಲಿಗ್ರಾಂ ಇರಬೇಕು, ಕಡಿಮೆ ಬಂದರೆ ಇನ್ನಷ್ಟು ಹಾಕಿ ಮತ್ತೆ ಪರೀಕ್ಷಿಸಬೇಕು. ಹಳೆಯ ಪುಡಿ, ಬಾಯಿ ತೆರೆದಿಟ್ಟ ಚೀಲದ ಪುಡಿ ಬೇಡ, ಅದರ ಶಕ್ತಿ ಆಗಲೇ ಹೋಗಿರುತ್ತದೆ.