249 ಗ್ರಾಂ ಮಂತ್ರ ಜಪಿಸುವವರಿಗೆ

ಪ್ರಶ್ನೆ: ನನ್ನದು 249 ಗ್ರಾಂ ಡ್ರೋನ್. ಊರು ಕೊಪ್ಪದ ಹತ್ತಿರ, ಸುತ್ತ ಗುಡ್ಡ, ಕಾಡು, ತೋಟ. ಆಸುಪಾಸಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ. ಇಷ್ಟು ಹಗುರದ್ದಕ್ಕೆ ಯಾವ ಕಾನೂನೂ ಇಲ್ಲವೆಂದು ಅಂಗಡಿಯವರು ಹೇಳಿದರು. ಗುಡ್ಡದ ತುದಿಯಿಂದ ಹಾರಿಸಿ ವಿಡಿಯೊ ಮಾಡಬಹುದೇ?

ಉತ್ತರ: ಅಂಗಡಿಯವರಿಗೆ ಮಾರಬೇಕಿತ್ತು, ಹೇಳಿದರು. ಊರಿನ ಹೆಸರಷ್ಟೇ ಬದಲಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಉಳಿದವರ ಜಾಗವನ್ನೂ ಇದಕ್ಕೇ ಕೊಡುತ್ತೇನೆ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ. ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ಡ್ರೋನಿಗೆ ಕೊಡುವ ಪ್ರಮಾಣಪತ್ರ) ಬೇಡ, ಥರ್ಡ್ ಪಾರ್ಟಿ ವಿಮೆ ಕಡ್ಡಾಯವಲ್ಲ. ಎಲ್ಲಿ ಹಾರಿಸಬೇಕು, ಎಷ್ಟು ಎತ್ತರಕ್ಕೆ ಎಂಬಲ್ಲಿ ಮಾತ್ರ ಗ್ರಾಂ ಲೆಕ್ಕ ನಡೆಯುವುದಿಲ್ಲ. ಅಲ್ಲದೆ ತೂಕವೆಂದರೆ ಮೇಲೇರುವ ಒಟ್ಟು ತೂಕ. ಹೆಚ್ಚು ಹೊತ್ತು ಹಾರಲೆಂದು ದೊಡ್ಡ ಬ್ಯಾಟರಿ ಹಾಕಿದಿರೋ, ಅದೇ ಡ್ರೋನ್ 290 ಗ್ರಾಂ ಆಗಿ ‘ಮೈಕ್ರೊ’ ವರ್ಗಕ್ಕೆ ಸೇರುತ್ತದೆ.

ಡ್ರೋನ್‌ಗಳಿಗಾಗಿ ಸರ್ಕಾರ ಮಾಡಿರುವ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರಿದ್ದರೆ 120 ಮೀಟರ್‌ವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 60 ಮೀಟರ್ ಮಾತ್ರ. ಹಳದಿಯಾದರೆ ವಾಯು ಸಂಚಾರ ನಿಯಂತ್ರಣದವರ ಅನುಮತಿ, ಕೆಂಪಾದರೆ ಕೇಂದ್ರ ಸರ್ಕಾರದ್ದು. ‘ನಿಲ್ದಾಣ ಇಲ್ಲ’ ಎಂದು ಹಳೆಯ ನೆನಪಿನ ಮೇಲೆ ಹೇಳಬೇಡಿ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ನಿಲ್ದಾಣ ಉದ್ಘಾಟನೆಯಾಗಿದೆ. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೂ ಮೊದಲು ಹಾರಿಸುತ್ತಿದ್ದವರು ಈಗಲೂ ‘ಏನೂ ಆಗಲ್ಲ ಸಾರ್’ ಎನ್ನುತ್ತಾರೆ! ನಕ್ಷೆಯನ್ನು ಹಾರಿಸುವ ದಿನವೇ ನೋಡಿ. ಜಾತ್ರೆಗೋ ಗಣ್ಯರ ಭೇಟಿಗೋ ಪೊಲೀಸರು ಒಂದು ಜಾಗವನ್ನು ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ ಹೋಗುತ್ತದೆ.

ಈಗ ನಿಮ್ಮ ಗುಡ್ಡದ ತುದಿ. ರಿಮೋಟ್ ಪರದೆ ತೋರಿಸುವ ಎತ್ತರ ಡ್ರೋನ್ ಎದ್ದ ಜಾಗದಿಂದ ಲೆಕ್ಕ ಹಾಕಿದ್ದು, ಕೆಳಗಿನ ನೆಲದಿಂದಲ್ಲ. ತುದಿಯಿಂದ 30 ಮೀಟರ್ ಏರಿಸಿ ಕಣಿವೆಯ ಕಡೆ ನೇರ ಬಿಟ್ಟಿರಿ ಎನ್ನಿ. ನೆಲ 300 ಮೀಟರ್ ಕೆಳಗಿಳಿಯಿತು. ಪರದೆಯಲ್ಲಿ ಇನ್ನೂ 30, ನಿಜವಾಗಿ 330. ಹಸಿರು ಜಾಗದಲ್ಲೂ 120 ಮೀಟರ್ ಮೇಲೆ ಹಳದಿಯೇ; ಸ್ಟಿಕ್ಕನ್ನು ಮೇಲಕ್ಕೆ ಒತ್ತದೆಯೇ ಹಳದಿ ವಲಯಕ್ಕೆ ಹೊಕ್ಕಾಯಿತು. ಆ್ಯಪ್‌ನಲ್ಲಿ 120ರ ಮಿತಿ ಇಟ್ಟಿದ್ದೇನೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಇಳಿಜಾರಿಗೆ ಅಂಟಿಕೊಂಡು ಹಾರಿಸಿ, ಇಲ್ಲವೇ ಕೆಳಗಿನ ಗದ್ದೆಯಿಂದ ಎಬ್ಬಿಸಿ. ಗದ್ದೆಯಿಂದಾದರೆ ‘ಮನೆಗೆ ಮರಳುವ’ ಎತ್ತರವನ್ನು ಮೊದಲೇ ಸರಿಪಡಿಸಿ. ಅದು 30 ಮೀಟರ್‌ನಲ್ಲೇ ಇದ್ದು, ನಡುವಿನ ದಿಬ್ಬದ ಆಚೆ ಸಿಗ್ನಲ್ ಕಡಿದರೆ, ಅಡ್ಡಿ ಗುರುತಿಸುವ ಸೆನ್ಸರ್ ಇಲ್ಲದ ಡ್ರೋನ್ ಮರಳುವಾಗ ದಿಬ್ಬದ ಮರಗಳಿಗೇ ಹೋಗಿ ಹೊಡೆಯುತ್ತದೆ.

ಇನ್ನು ಕಾಡು. ನಕ್ಷೆಯ ಹಸಿರೆಂದರೆ ವಿಮಾನಯಾನದವರ ತಕರಾರಿಲ್ಲ ಎಂದಷ್ಟೇ, ಅರಣ್ಯ ಇಲಾಖೆಯ ಒಪ್ಪಿಗೆಯಲ್ಲ. ಕುದುರೆಮುಖ, ಭದ್ರಾ, ಸೋಮೇಶ್ವರದಂಥ ಸಂರಕ್ಷಿತ ಅರಣ್ಯದೊಳಗೆ ಹೋಗಲು, ಚಿತ್ರ ತೆಗೆಯಲು 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ನಾನು ಗಡಿಯ ಹತ್ತಿರವೂ ಸುಳಿಯುವುದಿಲ್ಲ. ಅತಿಯಾಯಿತು ಎಂದು ಶಿಷ್ಯರು ನಗುತ್ತಾರೆ, ನಗಲಿ. ಡ್ರೋನ್ ಒಳಗೆ ಬಿದ್ದರೆ ಹೆಕ್ಕಿ ತರಲು ಅನುಮತಿಯಿಲ್ಲದೆ ಕಾಲಿಡುವುದೂ ಅಪರಾಧವೇ.

ಪ್ರಶ್ನೆ: ಪಂಚಾಯಿತಿ ಅಧ್ಯಕ್ಷರ ಪತ್ರ ಇದ್ದರೆ ಸಾಕಲ್ಲವೇ?

ಉತ್ತರ: ಸಾಲದು. ಆಕಾಶ ಪಂಚಾಯಿತಿ ವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಗೃಹಪ್ರವೇಶಕ್ಕೆಂದು ದುಬೈನಲ್ಲಿರುವ ಭಾವ ಬರುವಾಗ ಡ್ರೋನ್ ತರುತ್ತಾರಂತೆ. ತರಿಸಿಕೊಳ್ಳಲೇ?

ಉತ್ತರ: ಬೇಡ. 2022ರ ಫೆಬ್ರುವರಿ 9ರಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ, ನಿಮ್ಮ ಗೃಹಪ್ರವೇಶಕ್ಕಲ್ಲ. ಭಾವನವರಿಗೆ ಖರ್ಜೂರ ತರಲು ಹೇಳಿ.

ಪ್ರಶ್ನೆ: ಎತ್ತರದ ಮಿತಿ ತೆಗೆದುಕೊಡುವ ‘ಅನ್‌ಲಾಕ್’ ಮಾಡಿಸಬಹುದೇ?

ಉತ್ತರ: ದುಡ್ಡು ಕೊಟ್ಟು ಕೇಸು ಹಾಕಿಸಿಕೊಳ್ಳುವುದಾದರೆ ಧಾರಾಳವಾಗಿ.

ಪ್ರಶ್ನೆ: ಪಕ್ಕದ ತೋಟದ ಹುಡುಗ ನಮ್ಮ ಮನೆ ಹಿಂದಿನ ಬಚ್ಚಲ ಮೇಲೆ ಡ್ರೋನ್ ನಿಲ್ಲಿಸುತ್ತಾನೆ. ನಮ್ಮವರು ಕವಣೆಯಲ್ಲಿ ಹೊಡೆದು ಬೀಳಿಸುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಬೇಡಮ್ಮ. ಬ್ಯಾಟರಿ ಹೊತ್ತ ಯಂತ್ರ ಯಾರ ತಲೆ ಮೇಲೆ, ಯಾವ ಹುಲ್ಲಿನ ಬಣವೆ ಮೇಲೆ ಬೀಳುತ್ತದೆಂದು ಹೇಳಲಾಗದು. ಫೋನಿನಲ್ಲಿ ಅದರ ವಿಡಿಯೊ ತೆಗೆದು, ದಿನ, ಹೊತ್ತು ಬರೆದಿಟ್ಟು 112ಕ್ಕೆ ಕರೆ ಮಾಡಿ. ಸ್ನಾನ ಮಾಡುವ ಹೆಣ್ಣುಮಗಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಅವನ ಡ್ರೋನ್ 249 ಗ್ರಾಂ ಆಗಿದ್ದರೂ ಅಷ್ಟೇ.